ಉಪ್ಪು ಹಾಕುವ ದಿನ

ಮಾರ್ಸೇಯ್ ಬಂದರಿನ ಹಿಂದೆ, ರೈಲುಹಳಿಗೆ ಬೆನ್ನು ಕೊಟ್ಟು
ನಮ್ಮ ಸಾಬೂನು ಕಾರ್ಖಾನೆ.
ಸೋಮವಾರ ಎಣ್ಣೆ, ಕ್ಷಾರ, ಬೆಂಕಿ.
ಮಂಗಳವಾರ ಉಪ್ಪು.

ಆಳೆತ್ತರದ ಎರಡರಷ್ಟು ಕಡಾಯಿ. ಹಲಗೆಯ ಮೇಲಿಂದ
ಫೋರ್ತ್ಯುನೆ ಬಗ್ಗಿ ನೋಡುತ್ತಾನೆ.
ಎಲ್ಲಿದೆ ಸಾಬೂನು? ಇದೆ, ಕಾಣುವುದಿಲ್ಲ.
ನೀರಿನೊಳಗೆ ನೀರಾಗಿ
ಮಂದ ಜೇನಿನಂತೆ ಗೊಣಗುತ್ತಿದೆ.
ಕೂಡುವುದು, ಬಿಡುವುದು, ಮತ್ತೆ ಕೂಡುವುದು,
ಹೋದವರೆಷ್ಟೋ ಬಂದವರೂ ಅಷ್ಟೇ,
ಹೊರಗಿನ ಕಣ್ಣಿಗೆ ನೆಮ್ಮದಿ.

ಸಲಿಕೆ ನನ್ನದು. ನಾನು ಎಶಾತಿ.
ಒಂದು ಸಲಿಕೆ ಉಪ್ಪು. ಏನೂ ಇಲ್ಲ.
ಇನ್ನೊಂದು. ಏನೂ ಇಲ್ಲ.
"ತಾಳು," ಅನ್ನುತ್ತಾನೆ ಮುದುಕ.
ಎಷ್ಟನೆಯದಕ್ಕೋ, ಎಣಿಕೆ ತಪ್ಪಿದ ಮೇಲೆ,
ಹಾಲು ಒಡೆದ ಹಾಗೆ
ಗಂಟು ಗಂಟಾಗಿ ಸಾಬೂನು ಮೇಲಕ್ಕೆ!

ಉಪ್ಪು ಅದನ್ನು ನೂಕಲಿಲ್ಲ, ಬೈಯಲಿಲ್ಲ.
ಇದರಲ್ಲೂ ಸೋಡಿಯಂ, ಅದರಲ್ಲೂ ಸೋಡಿಯಂ,
ಒಂದೇ ಮನೆತನ ಎರಡು ಬಾಗಿಲಿಂದ ಒಳಗೆ ಬಂತು.
ತಕ್ಕಡಿ ವಾಲಿತು.
ಉಪ್ಪು ಮಾತ್ರ ತಾನು ಕರಗಿಯೇ ಉಳಿಯಿತು.

ಆ ಚಳಿಗಾಲ ಕೂನಿಯೋ ಬೆಟ್ಟದ ಕಡೆಯಿಂದ
ಕೆಲಸ ಕಲಿಯಲು ಬಂದ ಹುಡುಗ ದಲ್ಮಾತ್ಸೊ.
ಕಡಾಯಿಯ ಅಂಚಿಗೆ ಮೊಣಕೈ ತಾಗಿ
"ಬ್ರ್ಯೂಜಾ!" ಅಂದ. ಸುಡುತ್ತೆ ಅಂತ.
ಫೋರ್ತ್ಯುನೆಯ ಸೌಟು ಅಲ್ಲೇ ನಿಂತಿತು.

ಹೆಸರಿನ ಕೊನೆಯನ್ನು ತಾನೇ ಕತ್ತರಿಸಿಕೊಂಡವನು,
ಫ್ರೆಂಚರಿಗಿಂತ ಚೆನ್ನಾಗಿ ಫ್ರೆಂಚಿನಲ್ಲಿ ಬೈಯುವವನು,
ಐವತ್ತು ವರ್ಷ ಎಲ್ಲಿಯವನೆಂದು ಹೇಳದವನು.
ಮರುದಿನ ಹುಡುಗನದು ಇನ್ನೊಂದು ಮಾತು.
ಆಮೇಲೆ ಮತ್ತೊಂದು.
ಏನೂ ಇಲ್ಲ, ಏನೂ ಇಲ್ಲ.

ಮೂರನೇ ವಾರ ಊಟದ ಹೊತ್ತಿಗೆ
ರೊಟ್ಟಿ ಮುರಿಯುತ್ತಿದ್ದ ಮುದುಕನ ಬಾಯಿಂದ
ಬಂದವು ಒಂದೊಂದೇ:
ಚೆಸ್ಟ್‌ನಟ್ ಹಿಟ್ಟಿನ ಗಂಜಿ,
ಅವ್ವ ಮೇಕೆಗೆ ಕೊಟ್ಟ ಬೈಗುಳ,
ಮಧ್ಯಾಹ್ನಕ್ಕೆ ಕರಗುವ ಹಿಮಕ್ಕೇ ಒಂದು ಬೇರೆ ಪದ.
ಒರಟು, ಕಂದು, ಕೆಲವು ಅರ್ಧ ಬೆಂದವು.
ಅವನೇ ಬೆಚ್ಚಿಬಿದ್ದ, ಇಷ್ಟೆಲ್ಲ ಒಳಗಿತ್ತೇ ಎಂದು.
ನಾವು ನಗಲಿಲ್ಲ. ಹುಡುಗನೂ ನಗಲಿಲ್ಲ.

ಉಪ್ಪಿನ ಋಣ ಅನ್ನುತ್ತಾರೆ. ಯಾರು ಯಾರಿಗೆ ಸಲ್ಲಿಸಬೇಕೋ.

ಸಂಜೆ ಚೂರೊಂದನ್ನು ನಾಲಿಗೆಗೆ ತಾಗಿಸಿ
ಫೋರ್ತ್ಯುನೆ ತಲೆದೂಗಿದ. ಚುರುಕು ಇಲ್ಲ, ಹದವಾಗಿದೆ.
ನಾನು ಸಲಿಕೆ ತೊಳೆದು ಬಸ್ಸು ಹತ್ತಿದೆ.

ನನ್ನ ದ್ವೀಪದವರ ಅಂಗಡಿಯಿದೆ ಒಂದು ಬೀದಿಯಲ್ಲಿ,
ಲವಂಗ, ಒಣಮೀನು, ಜೋರು ಮಾತು.
ಇಪ್ಪತ್ತು ವರ್ಷದಿಂದ ನಾನು
ಅದಕ್ಕೆ ಒಂದು ನಿಲ್ದಾಣ ಮೊದಲೇ ಇಳಿದು ನಡೆಯುತ್ತೇನೆ.

ನಿನ್ನೆ ಇಳಿಯುವುದು ಮರೆತುಹೋಯಿತು.