ಅರಗಿನ ತಟ್ಟೆ

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ ಗುಜರಿ ಮುನೀರ್ ಸಾಬರು
ಹಿತ್ತಾಳೆ ಕೊಡದ ಜೊತೆ ತಕ್ಕಡಿಗೆ ಇಟ್ಟಿದ್ದರು.
'ಕರಗಿಸಿದರೂ ಏನೂ ಹುಟ್ಟಲ್ಲ ಇದರಲ್ಲಿ, ತಗೊಂಡೋಗಿ.'
ನಲವತ್ತು ರೂಪಾಯಿ. ಲೇಬಲ್ಲನ್ನು ಇಲಿ ತಿಂದಿತ್ತು.
ಉಳಿದದ್ದು 'ನಾಟಕದ ಹಾಡು' ಎಂಬಷ್ಟು,
ಮತ್ತು ಸೀಸದ ಕಡ್ಡಿಯಲ್ಲಿ ಯಾರದೋ ಹಾಲಿನ ಲೆಕ್ಕ.

ಹಗಲು ನಾನು ಜಿಲ್ಲಾ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವನು.
'ಉಸಿರು ಹಿಡೀರಿ' ಅನ್ನುತ್ತೇನೆ ದಿನಕ್ಕೆ ಎಂಬತ್ತು ಸಲ.
'ಬಿಡಿ' ಅನ್ನಲು ಕೆಲವೊಮ್ಮೆ ಮರೆಯುತ್ತೇನೆ.
ರಾತ್ರಿ, ಪೆನ್ಷನ್ ಮೊಹಲ್ಲಾದ ಮನೆಯಲ್ಲಿ, ಹೆಂಡತಿ ಮಲಗಿದ ಮೇಲೆ
ಸಿಂಕಿನಲ್ಲಿ ತಟ್ಟೆ ತೊಳೆಯುತ್ತೇನೆ,
ಊಟದ್ದಲ್ಲ.
ಸ್ಪಿರಿಟ್ಟು ತಾಕಿಸಬಾರದು, ಇದು ಅರಗು, ಕರಗಿ ಕೈಗೆ ಮೆತ್ತುತ್ತದೆ.
ಬರೀ ತಣ್ಣೀರು, ಎರಡು ತೊಟ್ಟು ಸೋಪು, ಮಗುವಿನ ಹಳೇ ಬ್ರಷ್ಷು,
ಗೆರೆಯ ಗುಂಟ. ಗೆರೆಗೆ ಅಡ್ಡ ಎಂದೂ ಇಲ್ಲ.
ನೀರು ಕಪ್ಪಗೆ ಇಳಿಯಿತು. ಯಾರ ಮನೆಯ ಒಲೆಯ ಹೊಗೆಯೋ.

ಮುಳ್ಳು ಇಟ್ಟೆ.
ಮೊದಲು ಹುರಿಯುವ ಸದ್ದು.
ಹುರಿಯುವುದರ ಆಚೆ ದಂಡೆಯಲ್ಲಿ ಹಾರ್ಮೋನಿಯಮ್ಮು.
ಆಮೇಲೆ ಒಬ್ಬಾಕೆ, ಕೃಷ್ಣನ ಮೇಲೆ ಮುನಿದ ಭಾಮೆ,
ಕಟ್ಟಕಡೆಯ ಬೆಂಚಿನ ತೂಕಡಿಕೆಯನ್ನೂ
ಕಿವಿ ಹಿಡಿದು ಎಬ್ಬಿಸುವ ಗಂಟಲು.

ಹನ್ನೊಂದು ರಾತ್ರಿ ಕೂತೆ.
ಸುತ್ತಿಗೊಂದು ಟಕ್. ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು.
ಮೂರು ನಿಮಿಷ ಹದಿನೆಂಟು ಸೆಕೆಂಡಿನ ಹಾಡು. ಲೆಕ್ಕ ನೀವೇ ಹಾಕಿ.
ಒಂದೊಂದನ್ನೂ ಪರದೆಯ ಮೇಲೆ ಹುಡುಕಿ ಕಿತ್ತೆ,
ಅವರೆಕಾಯಿ ಸುಲಿಯುವಾಗ ಹುಳುಕು ಆರಿಸಿದ ಹಾಗೆ.
ಕೊನೆಗೆ ಒಂದೇ ಗುಂಡಿ ಒತ್ತಿ ಹುರಿಯುವ ಸದ್ದನ್ನೆಲ್ಲ ಎತ್ತಿದೆ.
ಎತ್ತಿದ್ದನ್ನು ಎಸೆಯಲಿಲ್ಲ, ಆಸ್ಪತ್ರೆಯ ಅಭ್ಯಾಸ;
ಬೇರೆ ಕಡತ ಮಾಡಿ 'ಶೇಷ' ಎಂದು ಬರೆದಿಟ್ಟೆ.

ಹಾಡು ಮುಗಿದ ಮೇಲೆ, ಆಗಿನ ರೂಢಿಯಂತೆ,
ಆಕೆ ಹೆಸರು ಹೇಳುತ್ತಾಳೆ.
ಮೊದಲು ಅಲ್ಲಿ ಬರೀ ಟಕ್ ಟಕ್ ಇತ್ತು. ಈಗ ಕೇಳುತ್ತದೆ:
'ನಾನು ಕೊಣನೂರು ಏ...ಅಮ್ಮ.'
ಏನಮ್ಮ? ಏನೋ ಅಮ್ಮ.
ಯಂತ್ರ ಕೇಳಿತು: ಖಾಲಿ ಜಾಗವನ್ನು ಅಕ್ಕಪಕ್ಕ ನೋಡಿ ತುಂಬಲೇ?
ಬೇಡ ಎಂದೆ.
ಕಾಣದ ಎಲುಬನ್ನು ನಾನು ಬರೆದು ಕೊಡುವವನಲ್ಲ.

ಭಾನುವಾರ ಎದುರುಮನೆ ಜವರಮ್ಮನನ್ನು ಕರೆದು ಕೂರಿಸಿದೆ.
ಕಂಪನಿ ಟೆಂಟಿನ ಹೊರಗೆ ಕಡಲೆಕಾಯಿ ಮಾರಿದವಳು,
ಒಳಗೆ ಒಂದು ಸಲವೂ ಹೋಗದೆ ಒಂಬತ್ತು ನಾಟಕ ಬಾಯಿಪಾಠ.
ಹೆಡ್‌ಫೋನು ಸಿಕ್ಕಿಸಿದರೆ ಅದರ ಮೇಲೂ ಸೆರಗು ಹೊದ್ದಳು.
ಪೂರಾ ಕೇಳಿದಳು. ತಲೆ ಅಲ್ಲಾಡಿಸಿದಳು, ಮೆಚ್ಚಿ ಅಲ್ಲ.
'ಗ್ಯಾಸ್‌ಲೈಟು ಆರ್ಸ್‌ಬುಟ್ಟಿದ್ದೀಯಲ್ಲೋ ಮಗಾ.
ಈವಮ್ಮ ಕತ್ಲಲ್ಲಿ ನಿಂತ್ಕಂಡು ಆಡ್ತಾವ್ಳೆ. ಅದೂ ಹಲ್ಲಿಲ್ದೆ.'

ಹಲ್ಲಿಲ್ಲದೆ?
ಆ ರಾತ್ರಿ ಮತ್ತೆ ಹಾಕಿದೆ, ರಾಗ ಬಿಟ್ಟು ಮಾತಿಗೆ ಕಿವಿಗೊಟ್ಟು.
ಸಾಕು ಎನ್ನುವಲ್ಲಿ ಆಕು. ಸವತಿ ಎನ್ನುವಲ್ಲಿ ಅವತಿ.
ಸ್ವಾಮಿಯಂತೂ ಬರೀ ವಾಮಿ.

ಎತ್ತಿಟ್ಟ ಕಡತ ತೆರೆದೆ.
ಗ್ಯಾಸ್‌ಲೈಟೇ. ಈಗ ತಾನೆ ಪಂಪು ಹೊಡೆದಂತೆ
ಮೂರು ನಿಮಿಷ ಹದಿನೆಂಟು ಸೆಕೆಂಡು ಉರಿಯಿತು.
ಅದರೊಳಗೆ ಅಲ್ಲೊಂದು ಇಲ್ಲೊಂದು,
ಹುಳ ಹಾರಿ ಬಂದು ಗಾಜಿಗೆ ತಾಕಿದಷ್ಟು,
ಸ್.
ಸ್. ಸ್.
ಆಕೆಯ ಹಲ್ಲುಗಳೆಲ್ಲ ಇಲ್ಲಿದ್ದವು.
ಕೊನೆಯಲ್ಲಿ, ಹೆಸರು ಹೇಳುವ ಹೊತ್ತಿಗೆ,
ಶ್. ಕೂದಲೆಳೆಯಷ್ಟು ಬಿಟ್ಟು, ಷ್.

ಎರಡು ಕಡತವನ್ನೂ ಒಂದರ ಕೆಳಗೊಂದು ಹಾಸಿದೆ.
ಹೆಡ್‌ಫೋನಿನ ತಂತಿ ಕಿತ್ತೆ, ಸ್ಪೀಕರಿಗೆ ಬಿಟ್ಟೆ.
ದೀಪ ಹತ್ತಿತು, ಭಾಮೆ ಮುನಿದಳು, ಸಾಕು ಸಾಕೆಂದಳು,
ಹಾರ್ಮೋನಿಯಮ್ಮು ಉಸಿರು ಬಿಟ್ಟಿತು.
ಆಕೆ ಹೇಳಿದಳು, ಊರು ಸಹಿತ.

ಒಳಕೋಣೆಯಿಂದ ಅರೆನಿದ್ದೆಯಲ್ಲಿ ಹೆಂಡತಿ ಕೂಗಿದಳು:
'ಯಾರ್ರೀ ಅದು ಶೇಷಮ್ಮ, ಇಷ್ಟೊತ್ತಲ್ಲಿ?'