ತಕ್ಕಡಿಯ ಕಲ್ಲು

ಯುದ್ಧದ ಕಾಲದಲ್ಲಿ ಶಿಬಿರದ ಮೂಟೆ ಎಣಿಸುತ್ತಿದ್ದೆ,
ಈಗ ತಲೆ ಎಣಿಸುತ್ತೇನೆ:
ಎಷ್ಟು ಸಲ ಬಾಗಿತು, ಎಷ್ಟು ಹೊತ್ತಿಗೆ, ತಟ್ಟೆಯಲ್ಲಿ ಏನಿತ್ತು.
ಕಿಟ್ಗುಮ್‌ನಿಂದ ಸೈಕಲ್ಲಿನಲ್ಲಿ ಎರಡು ತಾಸು.
ಹಿಂದೆ ತಗಡಿನ ಪೆಟ್ಟಿಗೆ,
ಅದರೊಳಗೆ ಹೆಸರಿಲ್ಲದ, ನಂಬರಿನ ಬಾಟಲಿಗಳು.

ಹಾಡಿಗೆ ತಲೆದೂಗಿದ ಹಾಗಲ್ಲ ಅದು,
ಮಾತಿಗೆ ಹೂಂಗುಟ್ಟಿದ ಹಾಗೂ ಅಲ್ಲ.
ರಾಗಿಮುದ್ದೆಯ ಹಬೆ ಮೂಗಿಗೆ ತಾಗಿದ್ದೇ ತಡ
ಆರ್ಯೆಮೊಳ ಗೋಣು ಎದೆಗೆ ಬೀಳುತ್ತದೆ,
ಏಳುತ್ತದೆ, ಬೀಳುತ್ತದೆ,
ಕಣ್ಣು ಎಲ್ಲೋ ಹೋಗಿರುತ್ತದೆ.
ಕೆಲವು ಸಲ ಇಡೀ ಮೈ ನೆಲಕ್ಕೆ.
ವಯಸ್ಸು ಹದಿಮೂರು, ನೋಡಿದರೆ ಏಳು.
ಒಲೆಗೆ ಬಿದ್ದು ಸುಟ್ಟ ಮೊಣಕೈ.
ತಾಯಿ ಹೊಲಕ್ಕೆ ಹೋಗುವಾಗ ಕಟ್ಟಿಹಾಕುತ್ತಿದ್ದ ಮರದ
ಸೊಂಟದಲ್ಲಿ ಹಗ್ಗ ತೇಯ್ದ ನುಣುಪು.

ಡಾಕ್ಟರಮ್ಮ ಕಡ್ಡಿಯಿಂದ ಮಣ್ಣಿನಲ್ಲಿ ಗೀಚಿ ತೋರಿಸಿದಳು:
ಹೊಳೆ ನೊರೆಗಟ್ಟುವಲ್ಲಿ ಕರಿನೊಣ,
ನೊಣದ ಕಡಿತದಲ್ಲಿ ಹುಳು,
ಹುಳುವಿನ ಹೊಟ್ಟೆಯಲ್ಲಿ ಬಾಡಿಗೆಗಿರುವ ಇನ್ನೂ ಸಣ್ಣದೊಂದು ಜೀವ.
ಈ ಮಾತ್ರೆ ಆ ಬಾಡಿಗೆಯವನನ್ನು ಕೊಂದರೆ
ಹುಳು ಸೊರಗಬಹುದು,
ಹುಳು ಸೊರಗಿದರೆ ತಲೆ ನಿಲ್ಲಬಹುದು.
ಅವಳ ಮಾತನ್ನು ಅಚೋಲಿಗೆ ತಿರುಗಿಸಿದವನು ನಾನು.
ಎರಡು ‘ಬಹುದು’ಗಳಲ್ಲಿ ಒಂದನ್ನು
ಬೇಕೆಂದೇ ದಾರಿಯಲ್ಲಿ ಉದುರಿಸಿದೆ.

ಬಾಟಲಿಯ ಮೇಲೆ ಬರೆದಿತ್ತು: ಊಟದ ಜೊತೆಗೇ ಕೊಡಿ.
ಪಿಲೋಯಾ ನಕ್ಕಳು, ಅದೊಂದೇ ಸಲ.
‘ಊಟ ಕಂಡರೆ ಬೀಳುವವಳಿಗೆ
ಊಟದ ಜೊತೆ!’

ಆರು ವಾರ. ದಿನವೂ ಒಂದು.
ಯಾರ ಬಾಟಲಿಯಲ್ಲಿ ಮದ್ದು, ಯಾರದರಲ್ಲಿ ಬರೀ ಹಿಟ್ಟು,
ನನಗೂ ಗೊತ್ತಿಲ್ಲ, ಡಾಕ್ಟರಮ್ಮನಿಗೂ ಇಲ್ಲ.
ಲಕೋಟೆ ಕಂಪಾಲಾದ ಕಪಾಟಿನಲ್ಲಿ.
ನನ್ನ ಪುಸ್ತಕದಲ್ಲಿ ಗೀಟುಗಳು:
ಮಂಗಳವಾರ ಒಂಬತ್ತು, ಬುಧವಾರ ನಾಲ್ಕು,
ನಾನು ಹಿಗ್ಗಿದೆ. ಗುರುವಾರ ಹನ್ನೊಂದು.

ಎರಡು ವರ್ಷವಾದ ಮೇಲೆ ಲಕೋಟೆ ಒಡೆಯಿತು.
ನಲವತ್ತೊಂದನೆಯ ನಂಬರು: ಹಿಟ್ಟು.
ಹೇಗೆ ಹೇಳಲಿ ಎಂದು ಎರಡು ತಾಸು ತುಳಿದೆ,
ಚೈನು ಎರಡು ಸಲ ಕಳಚಿತು.

ಪಿಲೋಯಾ ಅಂಗಳದಲ್ಲಿ ಎಳ್ಳು ಕೇರುತ್ತಿದ್ದಳು.
‘ಗೊತ್ತು,’ ಅಂದಳು.
‘ಮೂರನೆಯ ವಾರವೇ ಒಂದನ್ನು ಒಡೆದು ನೋಡಿದೆ.
ಪಕ್ಕದ ಲಾಮುನು ಮಗನದೂ ಒಂದು ಒಡೆದೆವು.
ಅವನದು ಅರಿಶಿನದ ಹಾಗೆ, ನನ್ನದು ಸುಣ್ಣದ ಹಾಗೆ.’

ಮತ್ತೆ ಯಾಕೆ ದಿನವೂ ನುಂಗಿಸಿದೆ, ಯಾಕೆ ಹೇಳಲಿಲ್ಲ?

ಮೊರ ನಿಲ್ಲಲಿಲ್ಲ.
‘ಸಂತೆಯಲ್ಲಿ ಎಳ್ಳು ತೂಗುವವಳು ನಾನು.
ಒಂದು ತಟ್ಟೆಗೆ ಎಳ್ಳು ಸುರಿದರೆ
ಇನ್ನೊಂದಕ್ಕೆ ಕಲ್ಲು ಇಡಬೇಕಲ್ಲ, ಮಗಾ.
ನನ್ನ ಹುಡುಗಿ ಕಲ್ಲಾದಳು.’
ಆಮೇಲೆ, ಎಳ್ಳಿಗೆ ಹೇಳಿದಂತೆ, ಮೆಲ್ಲಗೆ:
‘ಆ ರಾತ್ರಿ ನಿನ್ನ ಸೈಕಲ್ಲಿಗೆ ಬೆಂಕಿ ಹಚ್ಚಬೇಕೆನಿಸಿತ್ತು.’

ಲಾಮುನು ಮಗನ ತಲೆ ನಿಂತಿತೇ?
ಕೇಳಬೇಡಿ, ಕಡಿಮೆಯಾಗಿದೆ,
ಕಡಿಮೆ ಎನ್ನುವುದಕ್ಕೆ ಡಾಕ್ಟರಮ್ಮನ ಬಳಿ ಒಂದು ಅಂಕಿಯಿದೆ,
ಅಂಕಿಗೆ ಬಾಲವಾಗಿ ಮತ್ತೊಂದು ‘ಬಹುದು’.
ಈ ಸಲ ಅದನ್ನು ಉದುರಿಸದೆ ಹೇಳಿದೆ.

ಪೆಟ್ಟಿಗೆ ತೆರೆದೆ. ಈ ಸಲದ್ದು ಹಳದಿ.
ಪಿಲೋಯಾ ಒಂದನ್ನು ಒಡೆದು ನೋಡಿದ ಮೇಲೇ ಒಲೆ ಹಚ್ಚಿದಳು.
ಮುದ್ದೆ ಬಂತು, ಹಬೆ ಬಂತು,
ಆರ್ಯೆಮೊಳ ಗೋಣು ಬಿತ್ತು.
ನಾನು ಪೆನ್ಸಿಲು ಎತ್ತಿದೆ.
‘ಈಗಲೇ ಬರೆಯಬೇಡ,’ ಅಂದಳು ತಾಯಿ,
ಮಗಳ ಗಲ್ಲದ ಕೆಳಗೆ ಅಂಗೈ ಒಡ್ಡಿ,
‘ತಾಳು. ನುಂಗಲಿ.’