ಬೆರಳಿಗೆ ಚಳಿ ಕಲಿಸಿದ್ದು

ಮೊದಲು ಕೇಳಿದ್ದು ಇವರನ್ನೇ.
ಸಾಹೇಬರು ಬೇಸಿನ್ನಿನ ಹಬೆಯೊಳಗೆ ಬಗ್ಗಿ
"ಎಳೆ ಹುಡುಕೋದು ಯಾರು?" ಅಂದರು.
ಇವರು ಚರಕ ನಿಲ್ಲಿಸದೆ
ಗದ್ದದಲ್ಲಿ ನನ್ನನ್ನು ತೋರಿಸಿದರು.

ಹಾಗೆ ಬಂತು ನಮ್ಮ ಶೆಡ್ಡಿಗೆ ಕಾಶ್ಮೀರ.
ಅಲ್ಲೂ ಗೂಡು ಬೆಳೀತಾರಂತೆ,
ಹಿಪ್ಪುನೇರಳೆಯನ್ನು ಮರವಾಗೋಕೆ ಬಿಡ್ತಾರಂತೆ
(ಇಲ್ಲಿ ಸೊಂಟದೆತ್ತರಕ್ಕೇ ಕುಡುಗೋಲು),
ನೂಲು ತೆಗೆಯೋ ಕೈ ಮಾತ್ರ ಕಡಿಮೆಯಂತೆ.
ಒಂದು ವರ್ಷ, ಹನ್ನೆರಡು ಹೆಣ್ಣುಮಕ್ಕಳಿಗೆ ಕಲಿಸಬೇಕು.
ರೂಮು ಕೊಡ್ತಾರೆ, ಇದ್ದಿಲು ಕೊಡ್ತಾರೆ,
ಹಿಮ ಬೀಳೋ ತಿಂಗಳೂ ಸಂಬಳ ನಿಲ್ಲೋದಿಲ್ಲ.

ಶಿಡ್ಲಘಟ್ಟದಲ್ಲಿ ಚಳಿಗೆ ಮೂರು ಮಾತು.
ನಮ್ಮತ್ತೆ ಚಲಿ ಅಂತಾಳೆ, ನಾನು ಚಳಿ,
ಪಕ್ಕದ ಬೇಸಿನ್ನಿನ ಶಾಹೀನಾ ಥಂಡ್.
ಮೂರೂ ಒಟ್ಟಿಗೆ ಬಂದರೂ
ಧನುರ್ಮಾಸದ ನಸುಕಿಗೆ ಒಂದು ಶಾಲು ಸಾಕು.
ಏಪ್ರಿಲ್‌ನಲ್ಲಿ ಸ್ವೆಟರು ಕೇಳಿದರೆ
ಅಂಗಡಿಯವನು ಅಟ್ಟ ಹತ್ತಿ ಮೂಟೆ ಇಳಿಸಿ
ಬೆವರೊರೆಸಿಕೊಂಡು, "ಊಟಿಗಾ ಅಕ್ಕಾ?" ಅಂದ.

ಫಾರಂ ತುಂಬುವಾಗ ತೊಡಕಾದ್ದು ಬೆರಳು.
ಕಂಪ್ಯೂಟರಿನ ಹುಡುಗ ಹೆಬ್ಬೆಟ್ಟು ಒರೆಸಿದ, ಒತ್ತಿದ,
ತೋರುಬೆರಳು, ಉಂಗುರದ ಬೆರಳು,
ಹತ್ತಕ್ಕೆ ಹತ್ತೂ ಕೆಂಪು ದೀಪ.
ಸೊಸೈಟಿ ಅಕ್ಕಿಗೂ ತಿಂಗಳು ತಿಂಗಳು ಇದೇ ಗೋಳು.
ಹತ್ತೊಂಬತ್ತು ವರ್ಷ ಕುದಿನೀರಲ್ಲಿ ಅದ್ದಿದ ಗೆರೆಗಳು
ಯಾರ ಮದುವೆ ಸೀರೆಗೆ ಹೋದವೋ.
ಕೊನೆಗೆ ಕಣ್ಣು ಇಡಕ್ಕಾ ಅಂದ.
ಹಸಿರು ಹತ್ತಿತು.
ನಗು ಬಂತು ನನಗೆ.
ಕೆಲಸಕ್ಕೆ ಕರೆದದ್ದು ಬೆರಳನ್ನು,
ಇವಳೇ ಅಂತ ಸಾಕ್ಷಿ ಹೇಳಿದ್ದು ಕಣ್ಣು.

ರಾತ್ರಿ ನಗು ಇರಲಿಲ್ಲ.
ಈ ಕೈಗೆ ಬಿಸಿ ತಿಳಿಯೋದಿಲ್ಲ.
ಒಲೆ ಮೇಲಿನ ತಪ್ಪಲೆ ಬಟ್ಟೆಯಿಲ್ಲದೆ ಇಳಿಸ್ತೀನಿ,
ಮಗಳು ಚಪ್ಪಾಳೆ ತಟ್ತಾಳೆ.
ಚಳಿಯೂ ತಿಳಿಯದಿದ್ದರೆ?
ಸೇಬಿನ ಲೋಡಿಗೆ ಹೋಗಿಬರುವ ಶಾಹೀನಾಳ ತಮ್ಮ ಹೇಳಿದ್ದ:
ಹಿಮ ಬೆರಳು ತಿನ್ನೋದು ಸದ್ದಿಲ್ಲದೆ.
ಉರಿಯೋವರೆಗೂ ಬದುಕಿರ್ತಾವೆ,
ಉರಿ ನಿಂತಾಗ ಹೆದರಬೇಕು.

ಅದಕ್ಕೇ ಭಾನುವಾರ, ಸುಡುಮಧ್ಯಾಹ್ನ,
ದಿಬ್ಬೂರಹಳ್ಳಿ ರಸ್ತೆಯ ಐಸು ಫ್ಯಾಕ್ಟರಿಗೆ ಹೋದೆ.
ಪಿಳ್ಳಪ್ಪ ದೂರದ ನೆಂಟ. ಯಾಕೆ ಅಂತ ಕೇಳಲಿಲ್ಲ,
ಹೊಟ್ಟು ಸರಿಸಿ ಒಂದು ಗಡ್ಡೆ ಎಳೆದು ನಿಲ್ಲಿಸಿದ,
ನನ್ನ ಮಗಳಷ್ಟೆತ್ತರ.
ಎರಡೂ ಕೈ ಇಟ್ಟೆ.

ಎಂಟು ಗೂಡಿಗೆ ಒಂದು ನೂಲು ನಮ್ಮಲ್ಲಿ,
ಹಾಗೇ ಎಂಟೆಂಟಾಗಿ ಎಣಿಸಿದೆ.
ಮೊದಲ ಎಂಟು: ಏನೂ ಇಲ್ಲ.
ಎರಡನೆಯದು: ಒದ್ದೆ, ಅಷ್ಟೇ.
ಮೂರು, ನಾಲ್ಕು. ಗಡ್ಡೆಯಲ್ಲಿ ನನ್ನ ಅಂಗೈಯ ಅಚ್ಚು ಬಿತ್ತು,
ಗೆರೆಯಿಲ್ಲದ್ದು.
ಪಿಳ್ಳಪ್ಪ ಬೀಡಿ ಹಚ್ಚಿದ.
ಆರನೆಯ ಎಂಟರ ನಡುವೆ
ಎಡಗೈ ಕಿರುಬೆರಳಿನ ತುದಿಯಲ್ಲಿ,
ಬೆಂದ ಗೂಡುಗಳ ರಾಶಿಯಿಂದ ನಿಜವಾದ ಎಳೆ
ತಾನಾಗಿ ತೇಲಿಬರುತ್ತದಲ್ಲ,
ಅಷ್ಟೇ ಸಣ್ಣಗೆ
ಒಂದು ನೋವು.

ಹಿಡಿದೆ. ಬಿಡಲಿಲ್ಲ.
ಎಳೆದಂತೆ ಉಂಗುರದ ಬೆರಳಿಗೆ ಬಂತು,
ಮಣಿಕಟ್ಟಿಗೆ, ಮೊಣಕೈಗೆ.
ಹಲ್ಲು ಕಚ್ಚಿ ನಿಂತಿದ್ದೆ, ಕಣ್ಣಲ್ಲಿ ನೀರು,
ಒಳಗೆಲ್ಲೋ ಶಾಹೀನಾಳನ್ನು ಕೂಗಿ ಹೇಳುತ್ತಿದ್ದೆ:
ಲೇ, ಇದಾವೆ ಕಣೇ, ಇನ್ನೂ ಇದಾವೆ.

"ಸಾಕು ಬಾರಮ್ಮ," ಅಂದ ಪಿಳ್ಳಪ್ಪ,
"ಗಡ್ಡೆ ಕರಗ್ತಾ ಐತೆ, ಮೀನಂಗಡಿಗೆ ಕಳಿಸಬೇಕು."

ಸೆರಗಲ್ಲಿ ಕೈ ಸುತ್ತಿಕೊಂಡು ಬಿಸಿಲಿಗೆ ಬಂದೆ.
ಮೂಗಿಗೆ ಅದೇ ಸತ್ತ ಹುಳದ ವಾಸನೆ, ಊರೇ ಅದು.
ಚಿಂತಾಮಣಿ ಬಸ್ಸು ದೂಳೆಬ್ಬಿಸಿ ಹೋಯಿತು.
ಬೆರಳು ಉರಿಯುತ್ತಿದ್ದವು, ಬೇರೆ ಬೇರೆಯಾಗಿ,
ಒಂದೊಂದೂ ತನ್ನ ಹೆಸರು ಹೇಳಿದಂತೆ.
ಮನೆ ಬರುವವರೆಗೂ ನಾನು
ಅವನ್ನು ಬಿಸಿ ಮಾಡಲಿಲ್ಲ.